ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಬ್ರೇಕು ಎರಡಿರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕುಳಿತ ಮೇಷ್ಟ್ರ ಕಾಲಡಿ. ನಮ್ಮವರು ಮದುವೆಗೆ ಮುಂಚಿನಿಂದಲೂ ಆ ಪಕ್ಕದ ಸೀಟಿನಲ್ಲಿ ಕುಳಿತು ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು. ಇದರಿಂದ ಊರಿಗೆ ಏನು ಲಾಭವಾಯಿತೋ ಹೇಳಲಾರೆ. ಅವರ ಬಲಗಾಲಿಗೆ ಮಾತ್ರ ಒಂದು ಚಾಳಿ ಅಂಟಿತು. ಮನಸ್ಸಿಗೆ ಸ್ವಲ್ಪ ಅಳುಕಾದರೂ ಸಾಕು, ಆ ಕಾಲು ಇದ್ದಲ್ಲೇ ನೆಲ ಒತ್ತುತ್ತದೆ. ತರಕಾರಿಯವನು ಬೆಲೆ ಹೇಳಿದರೆ ಒತ್ತುತ್ತದೆ. ಮಗಳು "ಅಪ್ಪಾ, ಒಂದು ಮಾತು" ಎಂದರೆ ಒತ್ತುತ್ತದೆ. ನಿದ್ದೆಯಲ್ಲೂ ಒತ್ತುತ್ತದೆ. ನಮ್ಮ ಮಂಚದ ಕಾಲ್ದೆಸೆಯ ಹಲಗೆಯನ್ನು ಬಡಗಿ ಎರಡು ಸಲ ಬದಲಾಯಿಸಿ ಹೋಗಿದ್ದಾನೆ. ಎರಡನೆಯ ಸಲ ಅವನು ನನ್ನನ್ನೂ ಇವರನ್ನೂ ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ.

ಅಂಥವರ ಮನೆಯಲ್ಲಿ ಒಂದು ಬೆಳಿಗ್ಗೆ, ಎಲ್ಲರೂ ತಿಂಡಿಗೆ ಕೂತಿದ್ದಾಗ, ನಾನು ನನ್ನ ಸುದ್ದಿ ಹೇಳಿದೆ.

"ನನಗೆ ಸೀಟು ಸಿಕ್ಕಿದೆ."

"ಬಸ್ಸಲ್ಲಾ?" ಎಂದರು ನಮ್ಮವರು.

ತಪ್ಪು ಅವರದಲ್ಲ. ನಾನು ನಗರದ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದರೆ ಅದೂ ಮನೆಯಲ್ಲಿ ಹೇಳುವಂಥ ಸುದ್ದಿಯೇ. ದಿನವೂ ಬೇರೆ ಬೇರೆ ಬೀದಿಗಳ ನಲ್ಲಿ ನೀರು ಶೀಶೆಗಳಲ್ಲಿ ಬರುತ್ತದೆ, ಅದರಲ್ಲಿ ಏನಿದೆ, ಏನಿರಬಾರದು ಎಂದು ನೋಡಿ ಬರೆದಿಡುವುದು ನನ್ನ ಕೆಲಸ. ನಮ್ಮ ಬೀದಿಯವರು ನನ್ನನ್ನು ನೀರಿನಕ್ಕ ಎಂದೇ ಕರೆಯುತ್ತಾರೆ. ಭಾನುವಾರವೂ ಯಾರಾದರೊಬ್ಬರು ಶೀಶೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ.

"ಬಸ್ಸಲ್ಲ ರೀ, ಹೊರದೇಶದ ವಿಶ್ವವಿದ್ಯಾಲಯದಲ್ಲಿ. ನೀರು ಶುದ್ಧಿ ಮಾಡೋ ವಿಷಯದಲ್ಲಿ ಸ್ನಾತಕೋತ್ತರ ಪದವಿ. ಒಂದು ವರ್ಷದ್ದು. ಅರ್ಧ ಫೀಸು ಅವರೇ ಬಿಡ್ತಾರಂತೆ. ಇನ್ನರ್ಧ ನಾವು ಹೊಂದಿಸ್ಬೇಕು. ಮೊದಲ ಕಂತು ಈ ತಿಂಗಳ ಕೊನೇಲಿ ಕಟ್ಟದೆ ಇದ್ರೆ ಸೀಟು ಬೇರೆಯವರಿಗೆ."

ಮೇಜಿನ ಕೆಳಗೆ ಧಡ್ ಎಂದು ಸದ್ದಾಯಿತು. ಲೋಟಗಳು ಅಲುಗಾಡಿದವು.

ಮಗಳು ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. ಅವಳಿಗೆ ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ. ಪುಸ್ತಕ ಎಂದರೆ ಅವಳಿಗೆ ತಲೆದಿಂಬಿನ ಇನ್ನೊಂದು ಜಾತಿ. "ಅಮ್ಮ, ಹೋಗು! ಹೋಗೋ ಮುಂಚೆ ನಿನ್ನ ಕೂದಲು ಮಾತ್ರ ನನ್ನ ಕೈಗೆ ಕೊಡು" ಎಂದಳು.

ನಮ್ಮವರು ನೀರು ಕುಡಿದರು, ಕೆಮ್ಮಿದರು, ನನ್ನನ್ನು ಹೊಸದಾಗಿ ನೋಡುವವರಂತೆ ನೋಡಿದರು. ಆಮೇಲೆ ಒಳ್ಳೆಯ ಗಂಡಂದಿರು ಹೇಳುವ ಮಾತನ್ನೇ ಹೇಳಿದರು. "ನೀನು ಹೋಗ್ಬೇಕು ಕಣೆ. ದುಡ್ಡಿನ ವಿಷಯ ನನಗೆ ಬಿಡು."

ನಾನು ಬಿಟ್ಟೆ. ಮುಂದಿನದೆಲ್ಲ ಅದರ ಫಲ.

ಆ ದಿನಗಳಲ್ಲಿ ಅವರಲ್ಲಿ ಕಾರು ಕಲಿಯುತ್ತಿದ್ದವರಲ್ಲಿ ಬ್ಯಾಂಕಿನ ಸಾಲದ ಅಧಿಕಾರಿಣಿಯೂ ಒಬ್ಬರು. ಲಕ್ಷಗಟ್ಟಲೆ ಸಾಲವನ್ನು ಕಣ್ಣು ಮಿಟುಕಿಸದೆ ತಿರಸ್ಕರಿಸಬಲ್ಲ ಹೆಂಗಸು, ಸ್ಟಿಯರಿಂಗ್ ಹಿಡಿದರೆ ಮಾತ್ರ ಪಕ್ಕದವರ ಮುಖ ನೋಡಿಕೊಂಡೇ ಮಾತಾಡುವ ಸ್ವಭಾವ. ನಮ್ಮವರು ಪಾಠದ ನಡುವೆ ಮೆಲ್ಲಗೆ ವಿಷಯ ತೆಗೆದರು. ಇದನ್ನು ನನಗೆ ಆಮೇಲೆ ಹೇಳಿದ್ದು ಆ ಅಧಿಕಾರಿಣಿಯೇ.

"ಮೇಡಂ, ನಮ್ಮ ಮನೇಲಿ ಒಬ್ರು ಓದೋಕೆ ಹೊರದೇಶಕ್ಕೆ ಹೋಗ್ಬೇಕು. ಸಾಲ ಹುಟ್ಟುತ್ತಾ?"

"ಓ! ಮಗಳಾ ಸರ್?" ಎಂದು ಆಕೆ ಸಂತೋಷದಿಂದ ಪೂರ್ತಿ ಇವರ ಕಡೆ ತಿರುಗಿದರು. ಎದುರಿನಿಂದ ಮರಳು ತುಂಬಿದ ಲಾರಿ ಬರುತ್ತಿತ್ತು.

"ಹೂಂ ಮೇಡಂ, ಹೂಂ, ಮುಂದೆ ನೋಡಿ, ಮಗಳೇ ಮೇಡಂ, ಮುಂದೆ!"

ಲಾರಿ ಹೋಯಿತು. ಪ್ರಾಣ ಉಳಿಯಿತು. ಮಾತು ಮಾತ್ರ ಹಾಗೇ ಉಳಿದುಬಿಟ್ಟಿತು. ಲಾರಿ ದಾಟಿದ ಮೇಲೆ ತಿದ್ದಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಆದರೆ ಆ ಅಧಿಕಾರಿಣಿ ಅಷ್ಟರಲ್ಲಿ, "ಎಂಥಾ ಪುಣ್ಯವಂತ ಅಪ್ಪ ಸರ್ ನೀವು! ಮಗಳನ್ನ ಹೀಗೆ ಬೆಳೆಸೋದು ಎಲ್ಲರಿಗೂ ಆಗುತ್ತಾ?" ಎಂದುಬಿಟ್ಟಿದ್ದರಂತೆ. ಅಷ್ಟು ವರ್ಷ "ಮೇಷ್ಟ್ರೇ, ಗೇರ್ ಸಿಕ್ಕಾಕೊಂಡಿದೆ" ಎನ್ನುವುದನ್ನು ಬಿಟ್ಟು ಬೇರೆ ಹೊಗಳಿಕೆ ಕೇಳದ ಕಿವಿ ಅದು. ಅಲ್ಲಿ ಆ ಮಾತು ಹಾಯಾಗಿ ಕಾಲು ಚಾಚಿ ಮಲಗಿತು.

ಇಲಿ ಹೋಯಿತೆಂದರೆ ಹುಲಿ ಹೋಯಿತು ಎನ್ನುವ ಬೀದಿ ನಮ್ಮದು. ಆ ಅಧಿಕಾರಿಣಿಯ ನಂತರ ಪಾಠಕ್ಕೆ ಬರುತ್ತಿದ್ದವನು ಕೆಳಮನೆಯ ದರ್ಜಿಯ ಅಳಿಯ. ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ದರ್ಜಿ ಮೆಟ್ಟಿಲ ಮೇಲೆ ನನ್ನ ಮಗಳನ್ನು ನಿಲ್ಲಿಸಿಕೊಂಡು ತೋಳಿನ ಅಳತೆ ತೆಗೆಯುತ್ತಿದ್ದ.

"ನೀರಿನಕ್ಕ, ನೀವು ಒಂದು ಮಾತೂ ಹೇಳಲಿಲ್ವಲ್ಲ! ಅಲ್ಲಿ ಭಾರಿ ಚಳಿಯಂತೆ. ಮಗೂಗೆ ಒಂದು ಕೋಟು ನನ್ನ ಕಡೆಯಿಂದ. ದುಡ್ಡು ಗಿಡ್ಡು ಅಂದ್ರೆ ನಾನು ಮಾತೇ ಬಿಡ್ತೀನಿ."

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ. ನಮ್ಮಲ್ಲಿ ಸಾಲ ಹುಟ್ಟುವ ಮೊದಲೇ ಕೋಟು ತಯಾರಾಗುತ್ತಿತ್ತು. ಮಗಳು ಎರಡೂ ಕೈ ಚಾಚಿ ಬೆದರುಬೊಂಬೆಯಂತೆ ನಿಂತು ನನ್ನ ಕಡೆ ಕಣ್ಣು ಹೊರಳಿಸಿದಳು. ನನಗೆ ಅರ್ಥವಾಗುವ ಮೊದಲೇ ದರ್ಜಿಯ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡಳು. "ಅಳಬೇಡಿ ಅಕ್ಕ. ಮಕ್ಕಳು ರೆಕ್ಕೆ ಬಂದ ಮೇಲೆ ಹಾರೋರೇ. ನೀವು ಒಂದು ಕೆಲಸ ಮಾಡಿ, ಉಲ್ಲನ್ ಹೆಣೆಯೋದು ಕಲೀರಿ, ಹೊತ್ತು ಹೋಗುತ್ತೆ."

ನಾನು ಅಳುತ್ತಿರಲಿಲ್ಲ. ಆದರೆ ಆಕೆ ಅಷ್ಟು ಚೆನ್ನಾಗಿ ಸಮಾಧಾನ ಮಾಡುತ್ತಿದ್ದಳು, ನಡುವೆ ನಿಲ್ಲಿಸಲು ಮನಸ್ಸು ಬರಲಿಲ್ಲ.

ಮನೆಯೊಳಗೆ ಕಾಲಿಟ್ಟರೆ ಅತ್ತಿಗೆ ಕೂತಿದ್ದರು, ನಮ್ಮವರ ಅಕ್ಕ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತರಾದವರು. ಆ ಹಾಸ್ಟೆಲಿನ ಬೀಗದ ಕೈ ವಾಪಸು ಕೊಟ್ಟು ಎಷ್ಟೋ ವರ್ಷವಾದರೂ ಅವರು ಮಾತಾಡಿದರೆ ಎಲ್ಲೋ ಗೇಟು ಮುಚ್ಚಿದಂತಾಗುತ್ತದೆ. ಒಂಟಿ ಜೀವ, ಸ್ವಂತ ಮನೆ, ಯಾರ ಹಂಗಿಗೂ ಬೀಳದವರು.

"ನನ್ನ ಮನೆ ಪತ್ರ ಜಾಮೀನಿಗೆ ಕೊಡ್ತೀನಿ ಅಂತ ಇವನಿಗೆ ಹೇಳಿದೀನಿ" ಎಂದರು ನೇರವಾಗಿ. "ನಮ್ಮ ವಂಶದಲ್ಲಿ ಒಂದು ಹುಡುಗಿಯಾದ್ರೂ ಓದಿ ಮುಂದೆ ಬರ್ಲಿ."

ನಮ್ಮವರು ಬಾಗಿಲ ಹಿಂದೆ ನಿಂತಿದ್ದರು. ಕಾಲಡಿಯ ಒರಸುಬಟ್ಟೆ ಮುದ್ದೆಯಾಗಿತ್ತು.

ಅತ್ತಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ಪಂಚಾಯಿತಿ ಸೇರಿತು.

"ಯಾವ ಹುಡುಗಿ ರೀ ಓದಿ ಮುಂದೆ ಬರೋದು?"

"ನೋಡೇ, ಲಾರಿ ಬಂತು..."

"ಯಾವ ಲಾರಿ?"

ಕಥೆ ಹೊರಬಿತ್ತು. ಮಗಳು ನಕ್ಕು ನಕ್ಕು ಸಾಕಾಗಿ ನೆಲದ ಮೇಲೆ ಕೂತಳು. ನನಗೆ ನಗು ಬರಲಿಲ್ಲ. "ಈಗಲೇ ಹೋಗಿ ಅತ್ತಿಗೆಗೆ ಹೇಳಿ ಬನ್ನಿ" ಎಂದೆ.

"ಹೇಳ್ತೀನಿ. ಹೇಳಲ್ಲ ಅಂದ್ನಾ? ಆದ್ರೆ ಯೋಚನೆ ಮಾಡು. ಅಕ್ಕನ ಜಾಮೀನಿಲ್ದೆ ಬ್ಯಾಂಕಿನವರು ಒಂದು ಪೈಸೆ ಕೊಡಲ್ಲ. ತಮ್ಮನ ಮಗಳು ಓದ್ತಾಳೆ ಅಂತ ಅವಳು ಮನೆ ಕೊಡ್ತಾಳೆ. ತಮ್ಮನ ಹೆಂಡ್ತಿ, ಅದೂ ನಲವತ್ತಾರರಲ್ಲಿ, ಅವನನ್ನ ಇಲ್ಲಿ ಬಿಟ್ಟು ಓದೋಕೆ ಹೋಗ್ತಾಳೆ ಅಂದ್ರೆ ಕೊಡ್ತಾಳಾ? ಸಾಲ ಮಂಜೂರಾಗೋವರೆಗೆ ಸುಮ್ನಿರು."

ಇದರಲ್ಲಿ ಒಂದು ಕೆಟ್ಟ ಗುಣವಿತ್ತು: ಲೆಕ್ಕ ಸರಿಯಾಗಿತ್ತು. ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ನಾನು ಸುಮ್ಮನಾದೆ.

ಮುಂದಿನ ದಿನಗಳಲ್ಲಿ ನನ್ನ ಮಗಳು ಊರಿನ ಹೆಮ್ಮೆಯಾದಳು. ಅಂಗಡಿಗೆ ಹೋದರೆ ದಾರಿಯಲ್ಲಿ ಹಿರಿಯರು ತಲೆ ಸವರುತ್ತಿದ್ದರು. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಅವಳಿಗೆ ಒಂದು ಭೂಪಟ ಕೊಟ್ಟರು. ಕೂದಲು ಕತ್ತರಿಸಲು ಬಂದವರು ಕತ್ತರಿ ನಡೆಯುತ್ತಿರುವಾಗಲೇ, "ಅಲ್ಲಿ ಹೋಗಿ ಎಲ್ಲಾ ಪ್ರೈಜ್ ತಗೋಬೇಕು" ಎಂದು ಹರಸುತ್ತಿದ್ದರು. ಅವಳೂ ಸಂಕೋಚವಿಲ್ಲದೆ ಹರಕೆ ತೆಗೆದುಕೊಂಡು ಮನೆಗೆ ಬಂದು, "ತಗೋ ಅಮ್ಮ, ಇವತ್ತಿನ ಹರಕೆ ಎಲ್ಲಾ ನಿಂದು" ಎಂದು ನನ್ನ ಮಡಿಲಿಗೆ ಸುರಿಯುವಂತೆ ಅಭಿನಯಿಸುತ್ತಿದ್ದಳು. ನನಗೆ ಸಿಕ್ಕಿದ್ದು ಉಲ್ಲನ್ ಉಂಡೆಗಳು. ಒಬ್ಬರು ನೀಲಿ ಕೊಟ್ಟರು, ಒಬ್ಬರು ಕೆಂಪು. ಒಬ್ಬರು, ಒಂಟಿತನಕ್ಕೆ ಒಳ್ಳೆಯದೆಂದು, ಗಿಳಿ ಸಾಕಲು ಸಲಹೆ ಕೊಟ್ಟರು.

ಬ್ಯಾಂಕಿನಿಂದ ಕರೆ ಬಂತು. ವಿದ್ಯಾರ್ಥಿನಿಯನ್ನು ಮನೆಯವರೊಡನೆ ಕರೆದುಕೊಂಡು ಬರಬೇಕು. ಮೂವರೂ ಹೋದೆವು. ನಮ್ಮವರು ಮದುವೆಯ ದಿನವೂ ಇಷ್ಟು ಬೆವರಿರಲಿಲ್ಲ. ಸಾಲದ ಅಧಿಕಾರಿಣಿ ಮಗಳನ್ನು ಎದುರು ಕುರ್ಚಿಯಲ್ಲಿ ಕೂರಿಸಿದರು. ನಮ್ಮಿಬ್ಬರಿಗೆ ಗೋಡೆಯ ಪಕ್ಕದ ಬೆಂಚು.

"ಏನು ಓದೋಕೆ ಹೋಗ್ತಿದೀಯಮ್ಮ?"

"ನೀರು" ಎಂದಳು ಮಗಳು.

"ನೀರಲ್ಲಿ ಏನು?"

"ಅದರಲ್ಲಿ ಇರೋದೆಲ್ಲಾ."

"ಒಳ್ಳೇದು. ಯಾಕೆ ಆ ವಿಷಯಾನೇ?"

ಮಗಳು ಒಂದು ಕ್ಷಣ ಯೋಚಿಸಿದಳು. "ಗಡಸು ನೀರಲ್ಲಿ ತೊಳೆದ್ರೆ ಕೂದಲು ಹಾಳಾಗುತ್ತೆ ಮೇಡಂ. ನಿಮ್ಮದೂ ನೋಡಿ, ತುದೀಲಿ ಸೀಳಿದೆ. ಒಂದು ಬೆರಳಷ್ಟು ಕತ್ತರಿಸಿದ್ರೆ ಸರಿ ಹೋಗುತ್ತೆ."

ಅಧಿಕಾರಿಣಿ ತಮ್ಮ ಜಡೆಯ ತುದಿಯನ್ನು ಮುಂದೆ ತಂದು ನೋಡಿಕೊಂಡರು. ಆಮೇಲೆ ಕಾಗದಗಳ ಕಡೆ ತಿರುಗಿದರು. ಅರ್ಜಿ ತುಂಬಿದ್ದು ನಮ್ಮವರು. ವಿದ್ಯಾರ್ಥಿಯ ಹೆಸರಿನ ಜಾಗದಲ್ಲಿ, ಸೀಟು ಕೊಟ್ಟವರ ಪತ್ರದಲ್ಲಿದ್ದಂತೆ, ನನ್ನದನ್ನೇ ಬರೆದಿದ್ದರು. ಕೆಳಗೆ 'ತಂದೆ ಅಥವಾ ಪೋಷಕ' ಎಂದು ಅಚ್ಚಾದ ಕಡೆಯೆಲ್ಲ, ಖಾಲಿ ಬಿಡಬಾರದೆಂದು, ತಮ್ಮ ರುಜು ಹಾಕಿದ್ದರು. ಪ್ರತಿ ಪುಟದಲ್ಲೂ.

"ಸರ್, ವಿದ್ಯಾರ್ಥಿನಿ ಹುಟ್ಟಿದ ದಿನಾಂಕ ಸರಿಯಾಗಿದೆಯಾ?"

"ಸರಿ ಇರ್ಬೇಕು ಮೇಡಂ."

"ಇದರ ಪ್ರಕಾರ ಮಗಳು ನಿಮಗಿಂತ ನಾಲ್ಕು ವರ್ಷ ಚಿಕ್ಕವರು."

"ಹೌದಾ?"

"ಅಂದ್ರೆ ನೀವು ನಾಲ್ಕು ವರ್ಷದವರಿದ್ದಾಗ ಅಪ್ಪ ಆಗಿದೀರ."

ನಮ್ಮವರು ಕರವಸ್ತ್ರ ತೆಗೆದರು. "ಆಗಿನ ಕಾಲದಲ್ಲಿ ಎಲ್ಲಾ ಸ್ವಲ್ಪ ಬೇಗ ಬೇಗ ಆಗ್ತಿತ್ತು ಮೇಡಂ."

ಪಕ್ಕದ ಮೇಜಿನ ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ. ಹಣ ಎಣಿಸುವ ಯಂತ್ರವೂ ನಿಂತಿತು. ಅತ್ತಿಗೆಯ ಮನೆ ಉಳಿಯಲಿ, ಸೀಟು ಹೋಗಲಿ ಎಂದುಕೊಂಡು ನಾನು ಬೆಂಚಿನಿಂದ ಎದ್ದೆ.

"ಮೇಡಂ, ವಿದ್ಯಾರ್ಥಿನಿ ನಾನು. ಅವಳು ನನ್ನ ಮಗಳು. ಇವರು ನನ್ನ ಗಂಡ."

ಬೆಂಚಿನ ಕೆಳಗೆ ಧಡ್ ಎಂದಿತು. ಕಾವಲುಗಾರ ಬಾಗಿಲಿನಿಂದ ಇಣುಕಿ ನೋಡಿದ.

ಅಧಿಕಾರಿಣಿ ನನ್ನನ್ನು ನೋಡಿದರು, ಅರ್ಜಿ ನೋಡಿದರು, ನಮ್ಮವರನ್ನು ಬಹಳ ಹೊತ್ತು ನೋಡಿದರು. "ಸರ್, ನಾನು ಇದನ್ನ ಹೀಗೇ ಮೇಲಕ್ಕೆ ಕಳಿಸಿದ್ರೆ ಏನಾಗ್ತಿತ್ತು ಗೊತ್ತಾ? ನಮ್ಮ ಬ್ಯಾಂಕಿನ ಕಾಗದದ ಪ್ರಕಾರ ಇವರು ಅಪ್ಪನ್ನೇ ಮದ್ವೆ ಆಗಿರ್ತಿದ್ರು."

"ತಿದ್ದಿ ಕೊಡ್ತೀನಿ ಮೇಡಂ."

"ತಿದ್ದೋದು ಇರ್ಲಿ. ಓದೋಕೆ ನಮ್ಮಲ್ಲಿ ವಯಸ್ಸಿನ ಮಿತಿ ಇಲ್ಲ, ಇವರಿಗೆ ಕೆಲಸ ಬೇರೆ ಇದೆ, ನನ್ನ ಕಡೆಯಿಂದ ತೊಂದ್ರೆ ಇಲ್ಲ. ಆದ್ರೆ ಜಾಮೀನು ಕೊಡೋ ನಿಮ್ಮಕ್ಕನಿಗೆ ಸತ್ಯ ಗೊತ್ತಾ?"

ನಮ್ಮವರು ಕರವಸ್ತ್ರವನ್ನು ಇನ್ನೊಂದು ಸಲ ಮಡಿಸಿದರು.

"ಸರಿ. ಮನೆ ಪರಿಶೀಲನೆಗೆ ನಾನೇ ಬರ್ಬೇಕು. ನಾಳೆ ಬೆಳಿಗ್ಗೆ ಪಾಠದ ಹೊತ್ತಲ್ಲಿ ಅಲ್ಲಿಗೇ ಗಾಡಿ ಬಿಡ್ತೀನಿ. ಯಾರಿಗೆ ಜಾಮೀನು ಅಂತ ಅವರ ಬಾಯಲ್ಲೇ ಕೇಳ್ತೀನಿ. ಅಷ್ಟರೊಳಗೆ ಹೇಳಿಡಿ."

ಆ ಸಂಜೆ ನಮ್ಮವರು ಅಕ್ಕನಿಗೆ ಫೋನು ಮಾಡಿದರು. ನಾನೂ ಮಗಳೂ ಪಕ್ಕದಲ್ಲೇ ಕೂತಿದ್ದೆವು. ಅವರು ಅಕ್ಕನ ಮಂಡಿನೋವು ವಿಚಾರಿಸಿದರು. ಮಾಳಿಗೆ ಸೋರುವುದನ್ನು ವಿಚಾರಿಸಿದರು. ಬೆಕ್ಕು ಮರಿ ಹಾಕಿತೇ ಎಂದು ವಿಚಾರಿಸಿದರು. "ಅಕ್ಕ, ಒಂದು ವಿಷಯ..." ಎಂದು ಆರಂಭಿಸಿದವರು, "ಮಂಡಿಗೆ ಎಣ್ಣೆ ಹಚ್ಚು" ಎಂದು ಫೋನಿಟ್ಟರು.

"ಹೇಳಿದ್ರಾ?" ಎಂದೆ.

"ಮುಕ್ಕಾಲು ಹೇಳಿದೆ" ಎಂದರು.

ಬೆಳಿಗ್ಗೆ ಅಧಿಕಾರಿಣಿ ಕಾರು ಬಿಟ್ಟರು. ಪಕ್ಕದ ಸೀಟಿನಲ್ಲಿ ನಮ್ಮವರು. ಹಿಂದೆ ನಾನು ಮತ್ತು ಮಗಳು. ಆಕೆ ಅವತ್ತು ಆಶ್ಚರ್ಯವಾಗುವಂತೆ ಓಡಿಸಿದರು, ಗೇರು ಕಿರುಚಲಿಲ್ಲ, ತಿರುವಿನಲ್ಲಿ ಯಾರೂ ಓಡಿಹೋಗಲಿಲ್ಲ. ಆದರೂ ದಾರಿಯುದ್ದಕ್ಕೂ ಕಾರು ತಾನೇ ತಾನಾಗಿ ಮುಗ್ಗರಿಸುತ್ತಿತ್ತು.

"ಸರ್, ನೀವು ಒತ್ತುತಿದೀರಾ?"

"ಇಲ್ಲ ಮೇಡಂ."

"ಗಾಡಿ ನಿಲ್ತಿದೆ ಸರ್."

"ರಸ್ತೆ ಸರಿ ಇಲ್ಲ ಮೇಡಂ."

ಅತ್ತಿಗೆಯ ಗೇಟಿನ ಮುಂದೆ ಕಾರು ನೆಟ್ಟಗೆ ನಿಂತಿತು. ಅತ್ತಿಗೆ ಹೊರಗೆ ಬಂದು, ಹಾಸ್ಟೆಲಿಗೆ ತಡವಾಗಿ ಬಂದವರನ್ನು ಎಣಿಸುವಂತೆ, ಕಾರಿನ ಹಿಂದಿನಿಂದ ಸುತ್ತು ಬರತೊಡಗಿದರು. ಹಿಂದೆಯೇ ನಿಂತುಬಿಟ್ಟರು.

"ಲೋ, ಇಳಿಯೋ."

ನಮ್ಮವರು ಇಳಿಯಲಿಲ್ಲ.

"ಎಂಜಿನ್ ಆಫಾಗಿದೆ, ಗಾಡಿ ನಿಂತಿದೆ, ಹಿಂದ್ಗಡೆ ಕೆಂಪು ದೀಪ ಉರೀತಾ ಇದೆ. ನಿಂತಿರೋ ಗಾಡಿಗೆ ಯಾಕೋ ಬ್ರೇಕ್ ಒತ್ತುತಿದೀಯ? ಏನು ಮುಚ್ಚಿಡ್ತಿದೀಯ?"

ಹುಡುಗಿಯರು ಕಿಟಕಿ ಹಾರಿದ್ದನ್ನು ಚಪ್ಪಲಿಯ ಮಣ್ಣಿನಲ್ಲಿ ಕಂಡುಹಿಡಿಯುತ್ತಿದ್ದ ಹೆಂಗಸು ಅದು. ನಮ್ಮವರು ಇಳಿದರು. ನಾವೂ ಇಳಿದೆವು. ಅಧಿಕಾರಿಣಿ ಕಡತ ಎದೆಗೊತ್ತಿಕೊಂಡು ಗೇಟಿಗೆ ಒರಗಿ ನಿಂತರು.

"ಅಕ್ಕ, ಓದೋಕೆ ಹೋಗ್ತಿರೋದು ಮಗು ಅಲ್ಲ." ನಮ್ಮವರು ಗಂಟಲು ಸರಿಮಾಡಿಕೊಂಡರು. "ಇವಳು."

"ಯಾವಳು?"

"ಇವಳೇ. ನನ್ನ ಹೆಂಡ್ತಿ. ಸೀಟು ಇವಳಿಗೆ ಸಿಕ್ಕಿರೋದು. ಮೊದಲೇ ಹೇಳ್ಬೇಕಿತ್ತು, ನಾಚಿಕೆ ಆಯ್ತು. ಇವಳು ಓದ್ತಾಳೆ ಅಂತ ನಾಚಿಕೆ ಅಲ್ಲ ಅಕ್ಕ. ಹೆಂಡ್ತಿ ಓದೋಕೆ ಹೋದ್ರೆ ಇವನು ಮನೇಲಿ ಏನು ಮಾಡ್ತಾನೆ ಅಂತ ಜನ ನಗ್ತಾರಲ್ಲ, ಅದಕ್ಕೆ."

ಮದುವೆಯಾದಾಗಿನಿಂದ ಅವರ ಬಾಯಲ್ಲಿ ಇಷ್ಟು ಉದ್ದದ ಮಾತು ಒಂದೂ ತಡವರಿಕೆಯಿಲ್ಲದೆ ಬಂದದ್ದು ನಾನು ಕೇಳಿರಲಿಲ್ಲ. ಅವರ ಬಲಗಾಲು ನೆಲದ ಮೇಲೆ ಸುಮ್ಮನೆ ಇತ್ತು.

ಅತ್ತಿಗೆ ಮಗಳನ್ನು ನೋಡಿದರು. "ನೀನು ಓದೋಕೆ ಹೋಗ್ತಿಲ್ವಾ?"

"ಇಲ್ಲ ಅತ್ತೆ."

"ಖಂಡಿತ?"

"ಖಂಡಿತ ಅತ್ತೆ. ಅಮ್ಮನ ಪುಸ್ತಕದ ರಟ್ಟು ನೋಡಿದ್ರೇ ನನಗೆ ನಿದ್ದೆ ಬರುತ್ತೆ."

ಅತ್ತಿಗೆ ಗೇಟಿನ ಕಂಬ ಹಿಡಿದು ಮೆಲ್ಲಗೆ ಕಟ್ಟೆಯ ಮೇಲೆ ಕೂತರು. ಜಾಮೀನು ಹೋಯಿತು, ಸೀಟು ಹೋಯಿತು, ಈಗ ಗೇಟು ಮುಚ್ಚುತ್ತದೆ ಎಂದುಕೊಂಡೆ.

"ಅಬ್ಬಾ! ಬದುಕಿದೆ" ಎಂದರು ಅತ್ತಿಗೆ.

"ಏನಕ್ಕ?"

"ಒಂದು ವಾರದಿಂದ ನನಗೆ ಊಟ ಸೇರಿಲ್ಲ ಕಣೋ. ತಮ್ಮನ ಮಗಳು, ಬಾಯಿಬಿಟ್ಟು ಇಲ್ಲ ಅನ್ನೋಕಾಗುತ್ತಾ? ಹೂಂ ಅಂದೆ. ಈ ಹುಡುಗಿ ಚಿನ್ನದಂಥವಳು, ಆದ್ರೆ ಇವಳು ಓದಿ ಸಾಲ ತೀರ್ಸೋ ಹೊತ್ತಿಗೆ ನಾನು ಬೀದಿಪಾಲು ಅಂತ ಬರೆದಿಟ್ಟಿದ್ದೆ. ನನ್ನ ಮನೇನ ನೀರಿಗೆ ಹಾಕ್ದೆ ಅಂದ್ಕೊಂಡಿದ್ದೆ." ಅವರು ನನ್ನ ಕಡೆ ಬೆರಳು ಮಾಡಿದರು. "ಇವಳಾದ್ರೆ ಬೇರೆ ಮಾತು. ಮದ್ವೆಯಾಗಿ ಬಂದ ಹೊಸದ್ರಲ್ಲೇ ನನ್ನ ಮನೆ ಬಾವಿ ನೀರು ಮೂಸಿ, ಇದನ್ನ ಕುದಿಸಿ ಕುಡೀರಿ ಅಂದವಳು. ಇಂಥವಳು ಸಾಲ ಉಳಿಸ್ಕೊಳ್ತಾಳಾ? ತಗೊಳ್ಳಿ ಮೇಡಂ, ಎಲ್ಲಿ ರುಜು?"

"ಒಂದು ಸಲ ಯೋಚನೆ ಮಾಡಿ ಅಮ್ಮ" ಎಂದರು ಅಧಿಕಾರಿಣಿ, ಕರ್ತವ್ಯಕ್ಕೆ ಕಟ್ಟುಬಿದ್ದು.

"ಯೋಚನೆ ಮಾಡಿದ್ದು ಈ ಹುಡುಗಿ ವಿಷಯದಲ್ಲಿ. ಇವಳಿಗೆ ಯಾಕೆ ಯೋಚನೆ?" ರುಜು ಹಾಕಿ ಅತ್ತಿಗೆ ತಲೆಯೆತ್ತಿದರು. ನಾನು ಕಣ್ಣೊರೆಸಿಕೊಳ್ಳುವ ಮೊದಲೇ ನನಗೂ ಒಂದು ಬಿತ್ತು. "ನೀನು ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ? ಇವನಿಗೆ ಸಂಕೋಚ ಸರಿ, ಹುಟ್ಟುಗುಣ. ನಿನಗೇನು ರೋಗ?"

"ನೀವು ಕೊಡಲ್ಲ ಅಂದ್ರೆ ಅಂತ..."

"ಕೇಳದೇನೇ ಕೊಡಲ್ಲ ಅಂತ ಹೇಗೆ ಗೊತ್ತಾಯ್ತು? ಅದನ್ನೂ ಶೀಶೆಗೆ ತುಂಬಿ ನೋಡಿದ್ಯಾ?"

ಒರೆಸಿಕೊಳ್ಳದೆ ಬಿಟ್ಟಿದ್ದ ಕಣ್ಣನ್ನು ಈಗ ಒರೆಸಿಕೊಂಡೆ.

"ಇವನ ಊಟದ ಗತಿ?" ಎಂದು ಅತ್ತಿಗೆಯೇ ಮುಂದಿನ ವಿಷಯಕ್ಕೆ ಹಾರಿದರು.

"ಮಗಳಿದ್ದಾಳಲ್ಲ" ಎಂದರು ನಮ್ಮವರು.

"ನಾನು ಅಂಗಡಿ ಮುಚ್ಚಿ ಬರೋದೇ ಕತ್ತಲಾದ ಮೇಲೆ ಅಪ್ಪ."

"ಕಾಲಲ್ಲಿ ಬ್ರೇಕ್ ಒತ್ತೋಕೆ ಬರುತ್ತೆ, ಕೈಯಲ್ಲಿ ಒಲೆ ಹಚ್ಚೋಕೆ ಬರಲ್ವೇನೋ?" ಎಂದರು ಅತ್ತಿಗೆ. "ನಾಳೆಯಿಂದ ಸಂಜೆ ಇಲ್ಲಿಗೆ ಬಾ, ಕಲಿಸ್ತೀನಿ. ಒಲೆ ಮುಂದೆ ನೀನು ನಿಂತ್ಕೋ, ಪಕ್ಕದಲ್ಲಿ ನಾನು ಕೂತ್ಕೋತೀನಿ."

ಅಧಿಕಾರಿಣಿ ಕಾರಿನ ಬಾನೆಟ್ಟಿನ ಮೇಲೆ ಅರ್ಜಿ ಇಟ್ಟು, ಪ್ರತಿ ಪುಟದಲ್ಲೂ 'ತಂದೆ' ಎಂಬುದನ್ನು ಹೊಡೆದು 'ಗಂಡ' ಎಂದು ಬರೆದರು. ಪ್ರತಿ ತಿದ್ದುಪಡಿಯ ಪಕ್ಕ ನಮ್ಮವರು ರುಜು ಹಾಕಿದರು. ಅಷ್ಟು ಸಲ ಒಬ್ಬಳ ಗಂಡನೆಂದು ಒಪ್ಪಿ ರುಜು ಹಾಕಿದ ಗಂಡಸು ನನಗೆ ತಿಳಿದಂತೆ ಬೇರೆ ಇಲ್ಲ.

ಕಂತು ಹೋಯಿತು, ಸೀಟು ಉಳಿಯಿತು. ಬೀದಿ ಒಂದು ದಿನ ಬಾಯಿ ಮುಚ್ಚಿಕೊಂಡಿತ್ತು, ಮರುದಿನ ಎಂದಿನಂತಾಯಿತು. ದರ್ಜಿ ಮಾತ್ರ ಕೋಟು ಹಿಡಿದುಕೊಂಡು ಮೇಲೆ ಬಂದು ನನ್ನನ್ನು ಸುತ್ತಲೂ ನೋಡಿ ನಿಟ್ಟುಸಿರು ಬಿಟ್ಟ. "ಮಗೂಗೆ ಹೊಲಿದದ್ದು. ನಿಮಗೆ ಆಗ್ಬೇಕಾದ್ರೆ ಎರಡೂ ಕಡೆ ಬಿಚ್ಚಿ ಪಟ್ಟಿ ಕೊಡ್ಬೇಕು ಅಕ್ಕ. ಮೊದಲೇ ಹೇಳಿದ್ರೆ ಬಟ್ಟೆ ಉಳೀತಿತ್ತು." ನಾನು ಅವನ ಹೆಂಡತಿಗೆ ಎಲ್ಲ ಉಲ್ಲನ್ ಉಂಡೆಗಳನ್ನೂ ಕೊಟ್ಟುಬಿಟ್ಟೆ.

ಹೊರಡುವ ದಿನ ಮಗಳು ಕತ್ತರಿಸಿದ ಕೂದಲು ಕಿವಿಯ ಕೆಳಗೆ ಕಚಗುಳಿಯಿಡುತ್ತಿತ್ತು. ಅವಳೂ ಅತ್ತಿಗೆಯೂ ಹಿಂದಿನ ಸೀಟಿನಲ್ಲಿ. ನಮ್ಮವರು ಎಂದಿನಂತೆ ಪಕ್ಕದ ಸೀಟಿನ ಬಾಗಿಲು ತೆಗೆದು, ನೆನಪಾಗಿ, ಸುತ್ತಿ ಹೋಗಿ ಸ್ಟಿಯರಿಂಗ್ ಮುಂದೆ ಕೂತರು. ಪಕ್ಕದ ಸೀಟು ನನಗೆ ಬಂತು. ಕಾಲಡಿ ಆ ಎರಡನೇ ಬ್ರೇಕು, ಅವರ ಚಪ್ಪಲಿ ಉಜ್ಜಿ ಉಜ್ಜಿ ಕನ್ನಡಿಯಂತಾಗಿತ್ತು.

ಕಾರು ಬೀದಿಯ ತುದಿ ದಾಟಿ ದೊಡ್ಡ ರಸ್ತೆಗೆ ಬಂತು. ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು. ತರಕಾರಿ ಗಾಡಿಯವನು ದಾಟಿ ಹೋದ. ಕೊನೆಗೆ ಹಿಂದಿನಿಂದ ಹಾರನ್ ಹೊಡೆದುಕೊಂಡು ಒಂದು ಹೊಸ ಕಾರು ಬಂದು ದಾಟಿತು. ಸಾಲದ ಅಧಿಕಾರಿಣಿ ಪೂರ್ತಿ ನಮ್ಮ ಕಡೆ ತಿರುಗಿ ಕೈ ಬೀಸಿ ಹೋದರು.

"ರೀ, ವಿಮಾನ ಕಾಯಲ್ಲ" ಎಂದೆ.

"ನಾನು ಓಡಿಸ್ತಾನೇ ಇದೀನಿ. ಗಾಡೀನೇ ಎಳೀತಾ ಇದೆ. ನಿನ್ನ ಕಾಲು ಬ್ರೇಕ್ ಮೇಲಿದೆಯಾ ನೋಡು."

"ನನ್ನ ಎರಡೂ ಕಾಲು ಪೆಟ್ಟಿಗೆ ಮೇಲಿವೆ."

ನಮ್ಮವರು ಬಗ್ಗಿ ನನ್ನ ಕಡೆ ನೋಡಿದರು. ನಿಜವೇ ಆಗಿತ್ತು. ಆಮೇಲೆ ತಮ್ಮ ಕಾಲಿನ ಕಡೆ ನೋಡಿಕೊಂಡರು. ಸ್ವಲ್ಪ ದೂರ ಹಾಗೇ ಹೋದೆವು.

"ಹಾಗಾದ್ರೆ ನಂದೇ ಇರ್ಬೇಕು" ಎಂದರು.

ಕಾಲು ತೆಗೆದರು. ಕಾರು ಮುಂದೆ ಹಾರಿತು.